ತಿದ್ದಿದ ಕಾಗುಣಿತ

ರುಕ್ಮಯ್ಯ ಬರೆದದ್ದು ಸರಿಯಾಗಿಯೇ ಇತ್ತು. ಕಕ್ಕೆ ಓತ್ವ, ಅದಕ್ಕೊಂದು ದೀರ್ಘ, ಆಮೇಲೆ ಅರ್ಧ ಕ. ಕೋಕ್. 'ನನಗೆ ಇಲ್ಲಿ ಉಕ್ಕಿನ ಕಾರ್ಖಾನೆಯ ಕೋಕ್ ಒವನ್ ಬ್ಯಾಟರಿಯಲ್ಲಿ ಕೆಲಸ ಸಿಕ್ಕಿದೆ. ಒಂದು ಸಲಕ್ಕೆ ಹದಿನಾರು ಟನ್ನು ಬೇಯಿಸುವುದು. ಹದಿನೇಳು ಗಂಟೆ ಬೇಯಬೇಕು' ಎಂದು ಐವತ್ತೊಂಬತ್ತನೆಯ ಇಸವಿಯಲ್ಲಿ ಅವನು ಪುಂಜಾಲಕಟ್ಟೆಯ ಸೋದರಮಾವ ಶೀನಪ್ಪನಿಗೆ ಕಾರ್ಡು ಹಾಕಿದ್ದ.

ಶೀನಪ್ಪ ಎಂಟನೆಯ ಕ್ಲಾಸು ಪಾಸಾದವ. ಕಿವಿಯ ಸಂದಿಯಲ್ಲಿ ಪೆನ್ಸಿಲು ಇಟ್ಟುಕೊಂಡೇ ತಿರುಗುವವ. ಅಳಿಯನೋ, ಕಕ್ಕಿಂಜೆಯ ಶಾಲೆಯನ್ನು ಐದನೆಯದಕ್ಕೆ ಬಿಟ್ಟು, ಬೊಂಬಾಯಿಯ ಹೋಟ್ಲಿಗೆ ಲೋಟ ತೊಳೆಯಲಿಕ್ಕೆ ಓಡಿಹೋದವ. ಇಬ್ಬರಲ್ಲಿ ಯಾರ ಕಾಗುಣಿತ ತಪ್ಪಿರಬಹುದು ಎಂದು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ. ಶೀನಪ್ಪ ಕಾರ್ಡನ್ನು ಅಂಗಡಿ ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತ ಹೋದವ ಅಲ್ಲಿಗೆ ಬಂದು ನಿಲ್ಲಿಸಿದ. ಪೆನ್ಸಿಲು ತೆಗೆದ. ಓತ್ವವನ್ನು ಹೊಡೆದುಹಾಕಿ ಕೊಂಬು ಕೊಟ್ಟ.

"ಕುಕ್ ಅಂತ ಬರೀಲಿಕ್ಕೆ ಹೋಗಿ ಕೋಕ್ ಅಂತ ಬರ್ದಿದ್ದಾನೆ ಮಾರಾಯ್ರೆ. ಐದನೇ ಕ್ಲಾಸು ಅಲ್ವಾ. ಬ್ಯಾಟರಿಯಂತೆ. ಬ್ಯಾಟರಿ ಇರುವುದು ಟಾರ್ಚಿಗೆ. ಇದು ಬೇಕರಿ."

ಅದನ್ನೂ ತಿದ್ದಿದ. ಒವನ್ ಎಂಬಲ್ಲಿ ಏನೂ ಮಾಡಬೇಕಾಗಲಿಲ್ಲ. ಒವನ್ ಎಂದರೆ ರೊಟ್ಟಿ ಸುಡುವ ಭಟ್ಟಿ ಎಂದು ಅವನು ಮಂಗಳೂರಿನಲ್ಲಿ ಕೇಳಿ ತಿಳಿದಿದ್ದ. ಉಳಿದದ್ದೆಲ್ಲ ತಾನಾಗಿ ಸರಿ ಕೂತಿತು. ಹದಿನಾರು ಟನ್ನು? ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಉಣ್ಣುವವರು ಎಷ್ಟು ಜನ ಬೇಡ. ಹದಿನೇಳು ಗಂಟೆ? ಅಷ್ಟನ್ನು ಬೇಯಿಸಲಿಕ್ಕೆ ಹೊತ್ತು ಬೇಡವಾ. ಹೇಗೂ ನಮ್ಮ ಜಿಲ್ಲೆಯ ಹುಡುಗರು ಊರು ಬಿಟ್ಟರೆ ಹೋಗಿ ನಿಲ್ಲುವುದು ಒಲೆಯ ಎದುರಿನಲ್ಲಿ. ಇವನೂ ಅಲ್ಲೇ ನಿಂತಿದ್ದಾನೆ, ಒಲೆ ಸ್ವಲ್ಪ ದೊಡ್ಡದು, ಅಷ್ಟೆ.

ಹಾಗೆ ನಾಲ್ಕು ವರ್ಷ, ಬಂದ ಕಾರ್ಡಿಗೆಲ್ಲ ಪೆನ್ಸಿಲು ಬಿತ್ತು. ಕಕ್ಕಿಂಜೆಯಲ್ಲಿ ರುಕ್ಮಯ್ಯನ ತಾಯಿ ಸಾಯುವಾಗಲೂ ಮಗ ಅಡುಗೆ ಕೆಲಸದಲ್ಲಿ ತಂಪಾಗಿದ್ದಾನೆ ಎಂದೇ ತಿಳಿದಿದ್ದಳು. ಅದೊಂದು ಒಳ್ಳೆಯದೇ ಆಯಿತು ಅನ್ನಬೇಕು.

ಅರುವತ್ತಮೂರನೆಯ ಇಸವಿಯ ಮಾರ್ಚಿನಲ್ಲಿ ಶೀನಪ್ಪನ ಕಾಗದ ಹೋಯಿತು: 'ರಜೆ ಹಾಕಿ ಬಾ. ಬಿ.ಸಿ.ರೋಡಿನಲ್ಲಿ ನಿನಗಾಗಿ ಒಂದು ಏರ್ಪಾಡು ಉಂಟು.' ರುಕ್ಮಯ್ಯ ಒಂದು ತಿಂಗಳ ರಜೆ ಕೇಳಿದ, ಕೊಟ್ಟರು. ಏಪ್ರಿಲ್ ಹನ್ನೆರಡಕ್ಕೆ ಹಾಜರಿ ಹಾಕದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದೂ ಹೇಳಿದರು. ಮದ್ರಾಸಿನ ಮೇಲಿಂದ ಮಂಗಳೂರಿಗೆ ಬರುವ ರೈಲಿನಲ್ಲಿ, ಎಲ್ಲೋ ಒಂದು ಸೇತುವೆ ದಾಟುವಾಗ, ತಾನು ತಿರುಗಿ ಹೋಗುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ನಿಶ್ಚಯ ಮಾಡಿದ್ದಲ್ಲ. ಗೊತ್ತಾದದ್ದು. ಊರಿನಲ್ಲಿ ಎಂಥದೇ ಕೆಲಸವಿರಲಿ, ನಿಲ್ಲಲಿಕ್ಕೆ ಒಂದು ಜಾಗ ಕೊಟ್ಟರೆ ಸಾಕು.

ಎರಡು ವರ್ಷದಿಂದ ಅವನ ಮೂಗು ಸತ್ತಿತ್ತು. ಡಾಮರಿನ ಹೊಗೆ ಕುಡಿದು ಕುಡಿದು ಮೊದಲು ಮಲ್ಲಿಗೆಯ ವಾಸನೆ ಹೋಯಿತು, ಆಮೇಲೆ ಸಾರಿನದ್ದು, ಕೊನೆಗೆ ಡಾಮರಿನದ್ದೇ. ಕೈಬೆರಳ ತುದಿಗಳಿಗೂ ಬಿಸಿ ತಣ್ಣಗೆ ಎಂಬುದು ಇರಲಿಲ್ಲ. ಅವನು ಈ ವಿಷಯ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ನೋವು ಅದರಲ್ಲಿ ಇರಲೂ ಇಲ್ಲ.

ಬಿ.ಸಿ.ರೋಡಿನಲ್ಲಿ ಬಸ್ಸು ಇಳಿದರೆ ಎದುರಿಗೇ ಬೋರ್ಡು. ಹಸಿರು ಬಣ್ಣ ಇನ್ನೂ ಒಣಗಿರಲಿಲ್ಲ.

'ಶ್ರೀ ಲಕ್ಷ್ಮೀ ಬೇಕರಿ. ಉಕ್ಕಿನ ಕಾರ್ಖಾನೆಯ ಪಳಗಿದ ಕುಕ್ ಕೆ. ರುಕ್ಮಯ್ಯನವರ ಸ್ವಂತ ಉಸ್ತುವಾರಿಯಲ್ಲಿ.'

ಟ್ರಂಕನ್ನು ಇಳಿಸಿಕೊಡುತ್ತಿದ್ದ ಕಂಡಕ್ಟರು ಒಮ್ಮೆ ಬೋರ್ಡನ್ನು ನೋಡಿದ, ಒಮ್ಮೆ ಟ್ರಂಕಿನ ಮೇಲಿನ ಹೆಸರನ್ನು ನೋಡಿದ. "ಓ, ಬೇಕರಿ ಕುಕ್ಕು ನೀವೇಯಾ? ಬೇಗ ಸುರು ಮಾಡಿ ಮಾರಾಯ್ರೆ. ಇಲ್ಲಿ ಅವಲಕ್ಕಿ ತಿಂದು ತಿಂದು ನಮ್ಮ ಹೊಟ್ಟೆ ಅವಲಕ್ಕಿ ಮೂಟೆ ಆಗಿದೆ" ಅಂದ.

ರುಕ್ಮಯ್ಯ ಬೋರ್ಡನ್ನು ಮೂರು ಸಲ ಓದಿದ. ನಾಲ್ಕು ವರ್ಷದಲ್ಲಿ ಏನು ನಡೆದಿದೆ ಎಂಬುದು ಅವನಿಗೆ ಆ ಒಂದು ಕೊಂಬಿನಲ್ಲಿ ತಿಳಿದುಹೋಯಿತು. ಅಲ್ಲೇ, ಆ ಕ್ಷಣ, ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಶೀನಪ್ಪ ಒಳಗಿಂದ ಓಡಿಬಂದು, ಅಳಿಯನ ಎರಡೂ ಭುಜ ಹಿಡಿದು, ರಸ್ತೆಯಲ್ಲಿದ್ದವರ ಕಡೆಗೆ ಅವನನ್ನು ತಿರುಗಿಸಿ ನಿಲ್ಲಿಸಿದ.

"ಬಂದ ನೋಡಿ. ಹೇಳಿದ್ದೆನಲ್ಲ? ಹದಿನಾರು ಟನ್ನು, ಒಂದು ಸಲಕ್ಕೆ."

"ಮಾವ," ಅಂದ ರುಕ್ಮಯ್ಯ.

"ಮೊದಲು ಭಟ್ಟಿ ನೋಡುವ, ಬಾ. ಮಾತೆಲ್ಲ ಆಮೇಲೆ."

ಅಂಗಡಿಯ ಹಿಂದೆ ಮುರಕಲ್ಲಿನ ಕಟ್ಟೆಯ ಮೇಲೆ ಇಟ್ಟಿಗೆಯ ಗುಮ್ಮಟ. ಮುಂದೆ ಕಬ್ಬಿಣದ ಬಾಗಿಲು. ರುಕ್ಮಯ್ಯ ಬಗ್ಗಿ ಒಳಗೆ ತಲೆ ಹಾಕಿದ, ಇಟ್ಟಿಗೆಯ ಸಂದುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಚೊಕ್ಕ ಕೆಲಸ. ಇದಕ್ಕೆ ಸೌದೆ ಹಾಕುತ್ತ, ಮೇಲೆ ಆಕಾಶ ಇರುವ ಜಾಗದಲ್ಲಿ, ಒಬ್ಬ ಮನುಷ್ಯ ಇದ್ದುಬಿಡಬಹುದು. ಕೋಕ್ ಬೇರೆ, ಕುಕ್ ಬೇರೆ ಎಂದು ಹೇಳಿದರೆ ಬೋರ್ಡು ಇಳಿಯುತ್ತದೆ, ಬೋರ್ಡು ಇಳಿದರೆ ಅವನು ಪುನಃ ರೈಲು ಹತ್ತಬೇಕು. ಬೆಂಕಿ ಬೆಂಕಿಯೇ ಅಲ್ಲವಾ. ನಾಲ್ಕು ವರ್ಷ ಭಟ್ಟಿಯ ತಲೆಯ ಮೇಲೆಯೇ ನಡೆದವನಿಗೆ ಇದೊಂದು ಮಡಕೆ.

ಅವನು ತಲೆ ಹೊರಗೆ ತೆಗೆದು, "ಒಳ್ಳೆದುಂಟು" ಅಂದ. ಅಷ್ಟೇ ಅಂದದ್ದು.

ಹಿಟ್ಟು ನಾದಲಿಕ್ಕೆ ಶೀನಪ್ಪ ಇಟ್ಟುಕೊಂಡಿದ್ದವನು ಅಬ್ದುಲ್ ಶುಕೂರ್. ಪಾಣೆಮಂಗಳೂರಿನ ಬ್ಯಾರಿ, ಮೂವತ್ತರ ಆಸುಪಾಸು, ತೋಳು ಎರಡೂ ಒನಕೆ. ಮಂಗಳೂರಿನ ಒಂದು ಬೇಕರಿಯಲ್ಲಿ ಏಳು ವರ್ಷ ಹಿಟ್ಟು ನಾದಿದವ. ಭಟ್ಟಿಯ ಹತ್ತಿರ ಮಾತ್ರ ಅಲ್ಲಿನ ಮುದುಕ ಮೇಸ್ತ್ರಿ ಅವನನ್ನು ಸುಳಿಯಗೊಟ್ಟಿರಲಿಲ್ಲ. "ನನ್ನ ಕೈ ಕಂಡ್ರೆ ರೊಟ್ಟಿಗೆ ನಾಚಿಕೆ ಆಗ್ತದಂತೆ. ಏಳು ವರ್ಷ ಬೆನ್ನು ನೋಡಿದ್ದೇನೆ ಮೇಸ್ತ್ರಿ, ಆ ಮುದುಕನ ಬೆನ್ನು. ಬೆಂಕಿ ನೋಡ್ಲಿಲ್ಲ" ಅಂದ ರುಕ್ಮಯ್ಯನ ಹತ್ತಿರ, ಮೊದಲ ದಿನವೇ.

ಬೇಕರಿ ಸುರು ಮಾಡುವ ಮುನ್ನಾದಿನ ಮಧ್ಯಾಹ್ನ ಶುಕೂರ್ ಮರದ ಮರಿಗೆಯಲ್ಲಿ ಹಿಟ್ಟು ಗುದ್ದುತ್ತಿದ್ದ. ರುಕ್ಮಯ್ಯ ಪಕ್ಕದಲ್ಲಿ ಕೂತು ಸೌದೆ ಸೀಳುತ್ತಿದ್ದ.

"ಅಲ್ಲಿ ಭಟ್ಟಿ ಹೇಗೆ ಮೇಸ್ತ್ರಿ? ಇದರಷ್ಟು ಉಂಟಾ?"

"ಎತ್ತರ ಎರಡಾಳು. ಉದ್ದ ನಲುವತ್ತೈದು ಅಡಿ. ಅಗಲ ಒಂದೂವರೆ ಅಡಿ ಅಷ್ಟೇ. ಅಂಥದ್ದು ಅರುವತ್ತೈದು, ಒಂದಕ್ಕೊಂದು ತಾಗಿ."

"ಅಲ್ಲಾ. ಅಗಲ ಅಷ್ಟೇ ಇದ್ರೆ ಹಿಟ್ಟು ಹಾಕುವುದು ಹೇಗೆ?"

"ಮೇಲಿಂದ. ಮಾಡಿನಲ್ಲಿ ತೂತು ಉಂಟು. ಗಾಡಿ ಬಂದು ನಿಂತು ಸುರಿತದೆ. ಆಮೇಲೆ ಮುಚ್ಚಳ ಹಾಕಿ ಸುತ್ತ ಮಣ್ಣು ಮೆತ್ತಬೇಕು. ನನ್ನ ಕೆಲಸ ಅದೇ."

ಅದು ನಿಜ. ಭಟ್ಟಿಯ ತಲೆಯ ಆ ಕಾದ ಮಾಡಿನ ಮೇಲೆ ಮರದ ಅಟ್ಟೆಯ ಮೆಟ್ಟು ಹಾಕಿಕೊಂಡು ನಡೆಯಬೇಕು, ತೊಗಲಿನದ್ದಾದರೆ ಸುರುಟಿಹೋಗುತ್ತದೆ. ಚೆಲ್ಲಿದ್ದನ್ನು ಗುಡಿಸಿ ತೂತಿಗೆ ತಳ್ಳಬೇಕು, ಮುಚ್ಚಳ ಎಳೆಯಬೇಕು, ನೀರುಮಣ್ಣು ಹೊಯ್ದು ಸಂದು ಮುಚ್ಚಬೇಕು. ಅಷ್ಟು ಹೊತ್ತೂ ತೂತಿನಿಂದ ಹಳದಿ ಹೊಗೆ ಎದ್ದು ಮುಖಕ್ಕೆ ಬರುತ್ತದೆ. ಒಂದು ಮುಚ್ಚಿದರೆ ಮುಂದಿನದ್ದು. ಪಾಳಿ ಮುಗಿಯುವವರೆಗೆ ಅಷ್ಟೇ.

"ಹಿಟ್ಟು ಗಟ್ಟಿಯಾ, ನೀರಾ?"

"ಪುಡಿ."

"ಪುಡಿಯನ್ನೇ ಹಾಕ್ತಾರಾ? ಕಲಸುವುದಿಲ್ವಾ?"

"ಎರಡು ಮೂರು ಜಾತಿಯದ್ದನ್ನು ಬೆರೆಸ್ತಾರೆ, ಹದಕ್ಕೆ. ಒಂದೇ ಜಾತಿ ಆದ್ರೆ ಸರಿ ಬರುವುದಿಲ್ಲ. ಒಳಗೆ ಹೋಗಿ ಕಾವು ತಾಗಿದ ಮೇಲೆ ಅದು ತಾನೇ ಮೆತ್ತಗಾಗ್ತದೆ, ಉಬ್ತದೆ, ಆಮೇಲೆ ಒಟ್ಟಿಗೆ ಹಿಡಿದು ಗಟ್ಟಿಯಾಗ್ತದೆ."

ಶುಕೂರ್ ಗುದ್ದುವುದನ್ನು ನಿಲ್ಲಿಸಿ ಮರಿಗೆಯೊಳಗಿನ ತನ್ನ ಹಿಟ್ಟನ್ನು ಅಪನಂಬಿಕೆಯಿಂದ ನೋಡಿದ. "ಅಮೆರಿಕದ ಗೋಧಿ ಇರ್ಬೇಕು."

"ಬೇಯುವಾಗ ಎಣ್ಣೆ ಬಿಡ್ತದೆ. ಗ್ಯಾಸು ಬಿಡ್ತದೆ. ಅದನ್ನು ಪೈಪಿನಲ್ಲಿ ಎಳೆದುಕೊಂಡು ಹೋಗಿ ಚೊಕ್ಕ ಮಾಡಿ, ಅದೇ ಗ್ಯಾಸನ್ನು ಪುನಃ ತಂದು ಗೋಡೆಯ ಆಚೆ ಬದಿಯಲ್ಲಿ ಉರಿಸ್ತಾರೆ. ಬೆಂಕಿ ಒಳಗಿಲ್ಲ. ಬೆಂಕಿ ಗೋಡೆಯಲ್ಲಿ. ಒಳಗೆ ಗಾಳಿ ಹೋಗ್ಲೇಬಾರದು. ಹೋದ್ರೆ ಬೇಯುವುದಿಲ್ಲ, ಉರಿದುಹೋಗ್ತದೆ."

"ಅದಕ್ಕೆ ಮಣ್ಣು ಮೆತ್ತುವುದಾ?"

"ಹೌದು. ಬೆಂದ ಮೇಲೆ ಎರಡು ಕಡೆಯ ಬಾಗಿಲೂ ತೆಗೀತಾರೆ. ಈಚೆಯಿಂದ ಯಂತ್ರ ತಳ್ತದೆ, ಆಚೆ ಗಾಡಿಗೆ ಬೀಳ್ತದೆ. ಕೆಂಪು ಕೆಂಪು. ಕೂಡಲೇ ಗಾಡಿಯನ್ನು ಕೊಂಡುಹೋಗಿ ಮೇಲಿಂದ ನೀರು ಬಿಡುವುದು."

"ರೊಟ್ಟಿಗೆ ನೀರು?"

"ಇಲ್ಲದಿದ್ರೆ ಬೂದಿ."

ಶುಕೂರ್ ಹಿಟ್ಟನ್ನು ಒಮ್ಮೆ ಮಗುಚಿ ಹಾಕಿದ. "ಮೇಸ್ತ್ರಿ, ಸಿಟ್ಟು ಮಾಡ್ಬೇಡಿ. ಅದನ್ನು ತಿನ್ನುವವರ ಹಲ್ಲು ಹೇಗುಂಟು?"

"ಗಟ್ಟಿ ಉಂಟು," ಅಂದ ರುಕ್ಮಯ್ಯ.

ಅದೂ ಸುಳ್ಳಲ್ಲ. ತಿನ್ನುವುದು ಕಬ್ಬಿಣ ಕರಗಿಸುವ ದೊಡ್ಡ ಕುಲುಮೆ. ಅದಿರು ಸುಣ್ಣಕಲ್ಲುಗಳ ರಾಶಿಯನ್ನು ಹೊಟ್ಟೆಯಲ್ಲಿ ಹೊತ್ತು ನಿಲ್ಲುವ ಆ ಕುಲುಮೆಗೆ ಹಸಿ ಕಲ್ಲಿದ್ದಲು ಹಾಕಿದರೆ ಮೆತ್ತಗಾಗಿ, ಭಾರಕ್ಕೆ ಅಪ್ಪಚ್ಚಿಯಾಗಿ, ಗಾಳಿಯ ದಾರಿಯನ್ನೇ ಕಟ್ಟಿಬಿಡುತ್ತದೆ. ಅದಕ್ಕೆ ಕಲ್ಲಿದ್ದಲಿನ ಒಳಗಿನ ಎಣ್ಣೆ, ಹೊಗೆ, ನಾತ ಎಲ್ಲ ಮೊದಲೇ ತೆಗೆದುಬಿಡಬೇಕು. ಉಳಿಯುವುದು ಬೂದುಬೆಳ್ಳಿ ಬಣ್ಣದ, ಮೈಯೆಲ್ಲ ತೂತಿನ ಒಂದು ಗಟ್ಟಿ. ಎತ್ತಿದರೆ ಹಗುರ, ತಟ್ಟಿದರೆ ಟಣ್ಣೆನ್ನುತ್ತದೆ. ಹೊಗೆಯಿಲ್ಲದೆ ಉರಿಯುತ್ತದೆ, ಎಷ್ಟು ಹೊರಿಸಿದರೂ ಹೊರುತ್ತದೆ. ಅದೇ ಕೋಕ್.

ಕಲ್ಲಿದ್ದಲು ಎಂಬ ಶಬ್ದ ಅವನ ನಾಲಗೆಯ ತುದಿಗೆ ಬಂದು ನಿಂತಿತ್ತು. ಅವನು ಸೌದೆ ಸೀಳಿದ.

ಬುಧವಾರ ಬೇಕರಿ ಸುರುವಾಯಿತು. ಬೆಳಕು ಹರಿಯುವ ಮೊದಲೇ ರುಕ್ಮಯ್ಯ ಭಟ್ಟಿಗೆ ಬೆಂಕಿ ಕೊಟ್ಟ. ಶೀನಪ್ಪ ಅವನಿಗೆ ಹೊಸ ಬಿಳಿ ಅಂಗಿ ತೊಡಿಸಿದ್ದ, ಕ್ಷೌರ ಮಾಡಿಸಿದ್ದ. ಒಂಬತ್ತು ಗಂಟೆಗೆ ಅಂಗಳದ ಬೆಂಚುಗಳಲ್ಲಿ ಪಟೇಲರು, ಬಟ್ಟೆ ಅಂಗಡಿಯವರು, ಬಸ್ಸಿನ ಏಜೆಂಟರು, ಇಬ್ಬರು ಮಾಸ್ತರರು ಬಂದು ಕೂತಾಗಿತ್ತು. ಶೀನಪ್ಪ ಕಾಫಿ ಹಂಚಿ, ಕಾರ್ಡುಗಳ ಕಟ್ಟು ತೆಗೆದು ಒಂದೆರಡನ್ನು ಓದಿ ಹೇಳಿದ. ಎಲ್ಲಿ ತಿದ್ದಿದ್ದಾನೋ ಅಲ್ಲಿ ಸ್ವಲ್ಪ ಗಟ್ಟಿಯಾಗಿ.

ಭಟ್ಟಿಯ ಒಳಗೋಡೆ ಮೊದಲು ಮಸಿಗೆ ಕಪ್ಪಾಯಿತು, ಆಮೇಲೆ ಮಸಿ ಉರಿದು ಬಿಳಿಯಾಯಿತು. ರೊಟ್ಟಿಗೆ ಅಷ್ಟು ಸಾಕಿತ್ತು. ರುಕ್ಮಯ್ಯನಿಗೆ ಸಾಕೆನಿಸಲಿಲ್ಲ. ಅವನ ಕಣ್ಣಿಗೆ ಕಾವು ಎಂದರೆ ಇಟ್ಟಿಗೆ ಕೆಂಪಾಗಬೇಕು. ಮತ್ತೆ ಸೌದೆ ಹಾಕಿದ. ಇಟ್ಟಿಗೆ ಕೆಂಪಾಯಿತು. ಕೆಂಡ ಎಳೆದು ತೆಗೆದು, ಒದ್ದೆ ಗೋಣಿಯಿಂದ ನೆಲ ಒರೆಸಿ, ಉದ್ದ ಹಿಡಿಯ ಹಲಗೆಯಲ್ಲಿ ಅರುವತ್ತು ರೊಟ್ಟಿಗಳನ್ನು ಒಂದೊಂದಾಗಿ ಒಳಗಿಟ್ಟ. ಬಾಗಿಲು ಹಾಕಿದ. ಬಕೆಟಿನಿಂದ ಮಣ್ಣು ತೆಗೆದು ಬಾಗಿಲಿನ ಸುತ್ತ ಮೆತ್ತತೊಡಗಿದ. ಎಡಗೈಯಿಂದ ಹೊಯ್ಯುವುದು, ಬಲಗೈಯಿಂದ ಸವರುವುದು. ಮೇಲೆ ಒಂದು ಬೆರಳಿನಷ್ಟು ತೂತು ಬಿಟ್ಟ.

"ನೋಡಿ, ಕೈ ನೋಡಿ. ಪಳಗಿದ ಕೈ," ಅಂದ ಶೀನಪ್ಪ, ಪಟೇಲರ ಹತ್ತಿರ.

"ಎಷ್ಟು ಹೊತ್ತು ಬೇಕು ಶುಕೂರ್?" ಎಂದು ರುಕ್ಮಯ್ಯ ಮೆಲ್ಲಗೆ ಕೇಳಿದ.

"ಅಲ್ಲಿ ನಮ್ಮದು ಮುಕ್ಕಾಲು ಗಂಟೆ ಇತ್ತು. ನಿಮ್ಮ ಕಾರ್ಖಾನೆಯ ಲೆಕ್ಕ ಬೇರೆ ಇರ್ಬಹುದು. ಹದಿನೇಳು ಗಂಟೆ ಅಂದ್ರೆ ಪಟೇಲರು ಮನೆಗೆ ಹೋಗ್ತಾರೆ, ಅದೊಂದು ನೋಡಿಕೊಳ್ಳಿ."

ಮುಕ್ಕಾಲು ಗಂಟೆ ಆಗುವಾಗ ರುಕ್ಮಯ್ಯ ಎದ್ದು ಬಾಗಿಲ ಹತ್ತಿರ ಹೋದ. ತೂತಿನಿಂದ ಹೊಗೆ ಬರುತ್ತಿತ್ತು. ಹಳದಿ.

ಅವನ ಕೈ ಮುಂದೆ ಹೋಗಲಿಲ್ಲ.

ಹಳದಿ ಹೊಗೆ ಇರುವಾಗ ಬಾಗಿಲು ತೆಗೆಯಬಾರದು. ಒಳಗಿನದ್ದು ಇನ್ನೂ ಹಸಿ. ಕಾರ್ಖಾನೆಯಲ್ಲಿ ಒಂದು ಸಲ, ಲೆಕ್ಕ ತುಂಬಿಸುವ ಅವಸರದಲ್ಲಿ, ಸಾಹೇಬನೊಬ್ಬ ಹಸಿ ಭಟ್ಟಿಯ ಬಾಗಿಲು ತೆಗೆಸಿದ್ದ. ಎದುರಿಗಿದ್ದವನು ಬಿಹಾರದವ, ಅದೇ ವಾರ ಸೇರಿದವ. ಜ್ವಾಲೆ ಒಂದೇ ಸಲ ಹೊರಗೆ ಬಂದು ಅವನನ್ನು ಸುತ್ತಿಕೊಂಡಿತು. ಆಗ ರುಕ್ಮಯ್ಯ ಮೇಲೆ ಮಾಡಿನಲ್ಲಿ ಮುಚ್ಚಳಕ್ಕೆ ಮಣ್ಣು ಮೆತ್ತುತ್ತಿದ್ದ. ಕೂಗು ಕೇಳಿತು. ಕೈಯಲ್ಲಿದ್ದ ಮುಚ್ಚಳದ ಕೆಲಸ ಮುಗಿಸಿಯೇ ಅವನು ಕೆಳಗೆ ನೋಡಿದ್ದು. ಯಾಕೆಂದರೆ ಅರ್ಧಕ್ಕೆ ಬಿಟ್ಟರೆ ಗಾಳಿ ಹೋಗುತ್ತದೆ. ಇದನ್ನು ಅವನು ಯಾವ ಕಾರ್ಡಿನಲ್ಲೂ ಬರೆದಿರಲಿಲ್ಲ.

ಅವನು ಬಂದು ಪುನಃ ಕೂತ. ಹೊಗೆ ತಿಳಿಯಾಗಲಿ.

ಒಂದು ಗಂಟೆ ಆಯಿತು. ಬೆಂಚಿನಲ್ಲಿದ್ದವರು ಮೂಗರಳಿಸಿದರು. ಒಂದೂಕಾಲು ಆಯಿತು. ಪಟೇಲರು ಶಾಲಿನ ತುದಿಯನ್ನು ಮೂಗಿಗೆ ಒತ್ತಿಕೊಂಡರು. ಕರಕಲು ವಾಸನೆ ಅಂಗಳ ದಾಟಿ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿತ್ತು. ಅಲ್ಲಿ ಯಾರೋ ಕೆಮ್ಮಿದ್ದು ಕೇಳಿತು. ಎಲ್ಲರೂ ರುಕ್ಮಯ್ಯನನ್ನು ನೋಡಿದರು. ಅವನು ತೂತಿನ ಮೇಲೆ ಕಣ್ಣಿಟ್ಟು ಕಲ್ಲಿನ ಹಾಗೆ ಕೂತಿದ್ದ. ಮುಖದಲ್ಲಿ ಗಾಬರಿಯ ಒಂದು ಗೆರೆ ಇರಲಿಲ್ಲ. ಹದಿನಾರು ಟನ್ನು ಬೇಯಿಸಿದವನಿಗೆ ಗೊತ್ತಾಗದ್ದು ನಮಗೆ ಗೊತ್ತಾಗುತ್ತದಾ?

"ದೊಡ್ಡ ಕಾರ್ಖಾನೆಯ ರೊಟ್ಟಿ ಹೀಗೆಯೋ ಏನೋ," ಅಂದರು ಒಬ್ಬ ಮಾಸ್ತರರು, ಕಣ್ಣೊರೆಸಿಕೊಳ್ಳುತ್ತ.

"ಸಿಪ್ಪೆ ಸ್ವಲ್ಪ ದಪ್ಪ ಇರ್ತದೆ," ಅಂದ ಶೀನಪ್ಪ. ಅವನಿಗೂ ವಾಸನೆ ಬರುತ್ತಿತ್ತು. ಅವನು ನಗುತ್ತಲೇ ಇದ್ದ.

ಶುಕೂರ್ ಒಬ್ಬನೇ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತು, "ಮೇಸ್ತ್ರಿ, ನಿಮಗೆ ವಾಸನೆ..." ಎಂದು ಅರ್ಧಕ್ಕೆ ನಿಲ್ಲಿಸಿದ. ಏಳು ವರ್ಷ ಭಟ್ಟಿಯ ಹತ್ತಿರ ಸುಳಿಯದೆ ಬೆಳೆದವನಿಗೆ ಭಟ್ಟಿಯವನನ್ನು ಪ್ರಶ್ನೆ ಕೇಳಿ ರೂಢಿಯಿರಲಿಲ್ಲ.

ಹನ್ನೊಂದೂವರೆಗೆ ಹೊಗೆ ತೆಳ್ಳಗಾಯಿತು, ನೀಲಿಯಾಯಿತು, ನಿಂತಿತು. ರುಕ್ಮಯ್ಯ ಎದ್ದು ಮಣ್ಣು ಕೆರೆದು ಬಾಗಿಲು ತೆಗೆದ. ಬಗ್ಗಿ ನೋಡಿದ. ಹಲಗೆ ಹಾಕಿ ಒಂದನ್ನು ಹೊರಗೆ ತಂದು ಕಲ್ಲಿನ ಮೇಲಿಟ್ಟ. ಗಾಳಿ ತಾಗಿ ಅಂಚಿನಲ್ಲಿ ಕೆಂಪು ಓಡಿತು; ಅವನು ಯೋಚಿಸದೆ ಪಕ್ಕದ ಚೆಂಬಿನ ನೀರನ್ನು ಅದರ ಮೇಲೆ ಹೊಯ್ದ. ಬುಸ್ಸೆಂದು ಹಬೆ ಎದ್ದಿತು. ಹಬೆ ಹೋದ ಮೇಲೆ ಅದು ಅಲ್ಲಿತ್ತು, ಕಪ್ಪಗೆ, ಬೆಳ್ಳಿಯ ಹೊಳಪಿನಲ್ಲಿ, ರೊಟ್ಟಿಯ ಆಕಾರ ಒಂದಿಷ್ಟೂ ಕೆಡದೆ. ಅವನು ಬೆರಳಿನಿಂದ ತಟ್ಟಿದ. ಟಣ್ಣೆಂದಿತು. ಮುರಿದ. ಒಳಗೆಲ್ಲ ಸಣ್ಣ ಸಣ್ಣ ತೂತು, ಒಂದೇ ಹದ, ನಡುವಿನಲ್ಲೂ ಹಸಿಯಿಲ್ಲ.

ಒಳ್ಳೆ ಬೆಂದಿದೆ, ಎಂದು ಅವನಿಗೆ ಅನಿಸಿತು. ಊರಿಗೆ ಬಂದ ಮೇಲೆ ಅವನಿಗೆ ಏನಾದರೂ ಅನಿಸಿದ್ದು ಅದೇ ಮೊದಲು.

ಆಮೇಲೆ ಅವನು ತಲೆ ಎತ್ತಿ ಜನರ ಮುಖ ನೋಡಿದ.

ಮೊದಲು ಕದಲಿದವನು ಶೀನಪ್ಪ. ಅವನು ಮುಂದೆ ಬಂದ, ಕಪ್ಪು ತುಂಡನ್ನು ಎರಡು ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿಕೊಂಡ. "ಮೊದಲನೇ ಪಾಕ ಅಗ್ನಿಗೆ," ಅಂದ, ಸ್ವರ ಒಂದಿಷ್ಟೂ ನಡುಗದೆ. "ಮನುಷ್ಯರು ತಿನ್ಲಿಕ್ಕಿಲ್ಲ. ಪೂರ್ತಿ ಆಹುತಿ ಕೊಡುವುದು. ಕಾರ್ಖಾನೆಯ ಪದ್ಧತಿ ಅದು. ಹೌದಲ್ಲ ರುಕ್ಮ?"

ಎಲ್ಲರೂ ರುಕ್ಮಯ್ಯನ ಬಾಯಿ ನೋಡಿದರು.

"ಹೌದು," ಅಂದ ರುಕ್ಮಯ್ಯ.

"ಒಳ್ಳೆ ಪದ್ಧತಿ," ಅಂದರು ಪಟೇಲರು, ಮೂಗಿನಿಂದ ಶಾಲು ತೆಗೆದು. "ಈಗಿನ ಕಾಲದಲ್ಲಿ ಯಂತ್ರದವರಿಗಾದ್ರೂ ಇಷ್ಟು ಭಕ್ತಿ ಉಂಟಲ್ಲ." ಅವರು ಒಂದು ತುಂಡನ್ನು ಪ್ರಸಾದವೆಂದು ಕೇಳಿ ತೆಗೆದುಕೊಂಡು, ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋದರು. ಇಬ್ಬರು ಮಾಸ್ತರರೂ ತೆಗೆದುಕೊಂಡರು. ಓದಿದವರು.

ಅಂಗಳ ಖಾಲಿಯಾದ ಮೇಲೆ ಶೀನಪ್ಪ ಭಟ್ಟಿಯ ಹಿಂದೆ ಬಂದು ನಿಂತ. ನಗು ಎಲ್ಲೋ ಬಿಟ್ಟು ಬಂದಿದ್ದ. ಶುಕೂರ್ ಮರಿಗೆ ಉಜ್ಜುತ್ತ ಅಲ್ಲೇ ಇದ್ದ; ಅವನಿಗೆ ಹೋಗಬೇಕೋ ಬೇಡವೋ ತಿಳಿಯಲಿಲ್ಲ.

"ಕುರುಡನಾ ನೀನು? ಮೂಗಿಲ್ವಾ ನಿನಗೆ?"

"ಮೂಗಿಲ್ಲ ಮಾವ. ಎರಡು ವರ್ಷ ಆಯ್ತು."

"ಎಂತ ಮಾತು ಅದು?"

"ಎಂತದರ ವಾಸನೆಯೂ ಬರುವುದಿಲ್ಲ."

"ಅಡುಗೆಯವನಿಗೆ ವಾಸನೆ ಬರುವುದಿಲ್ವಾ?"

"ನಾನು ಅಡುಗೆಯವನಲ್ಲ."

"ಯಾಕೆ ಹೇಳ್ಲಿಲ್ಲ ಹಾಗಾದ್ರೆ?"

"ಬರೆದಿದ್ದೆ."

"ಎಂತ ಬರೆದಿದ್ದೆ?"

ರುಕ್ಮಯ್ಯ ಕೈ ಚಾಚಿ ಮಾವನ ಜೇಬಿನಿಂದ ಕಾರ್ಡಿನ ಕಟ್ಟು ತೆಗೆದ. ಮೇಲಿನದ್ದರಲ್ಲಿ ಶಾಯಿಯ ಅಕ್ಷರದ ಮೇಲೆ ಪೆನ್ಸಿಲಿನ ಗೀಟು. ಅದರ ಮೇಲೆ ಬೆರಳಿಟ್ಟ. "ಇದು. ನೀವು ಹೊಡೆದುಹಾಕಿದ್ದು."

"ಕೋಕ್ ಅಂದ್ರೆ?"

"ಕಲ್ಲಿದ್ದಲನ್ನು ಗಾಳಿ ತಾಗದ ಹಾಗೆ ಮುಚ್ಚಿ ಬೇಯಿಸಿದ್ರೆ ಸಿಗುವುದು. ಇವತ್ತು ರೊಟ್ಟಿಗೆ ಆಯ್ತಲ್ಲ, ಹಾಗೆ."

ಶೀನಪ್ಪ ಕಾರ್ಡುಗಳನ್ನು ಒಂದೊಂದಾಗಿ ತಿರುಗಿಸಿದ. ಪ್ರತಿಯೊಂದರಲ್ಲೂ ಅವನ ಪೆನ್ಸಿಲು. ಕ್ಷಮಿಸು ಎನ್ನುತ್ತಾನೆ ಎಂದು ಶುಕೂರನಿಗೆ ಅನಿಸಿತ್ತಂತೆ. ಆಮೇಲೆ ಶುಕೂರನೇ ಹೇಳಿದ್ದು ಇದು. ಶೀನಪ್ಪ ಅಂದದ್ದು ಬೇರೆ.

"ನಾಲ್ಕು ವರ್ಷ ಇದನ್ನು ನಾನು ಬೆಳ್ತಂಗಡಿಯಿಂದ ಮೂಡಬಿದ್ರೆಯ ತನಕ ಓದಿ ಹೇಳಿದ್ದೇನೆ. ಇನ್ನು ಬದಲಿಸ್ಲಿಕ್ಕೆ ಆಗುವುದಿಲ್ಲ. ನೀನು ವಾಪಾಸು ಹೋಗು. ಕಾರ್ಖಾನೆಯಿಂದ ತಂತಿ ಬಂತು, ಅವರು ಬಿಡುವುದಿಲ್ಲ ಅಂತ ಹೇಳ್ತೇನೆ. ಮರ್ಯಾದೆಯಲ್ಲಿ ಮುಗೀತದೆ."

ಈಗ ಸಿಟ್ಟು ಬರಬಹುದು ಎಂದು ರುಕ್ಮಯ್ಯ ಕಾದ. ಬರಬೇಕಿತ್ತು. ಇದು ಅದಕ್ಕೆ ಸರಿಯಾದ ಜಾಗ. ಎದೆಯೊಳಗೆ ಹುಡುಕಿದರೆ ಬೆಂದು ಆರಿದ ಒಂದು ಗಟ್ಟಿ ಮಾತ್ರ ಸಿಕ್ಕಿತು, ಹಗುರ, ನಾತವಿಲ್ಲದ್ದು.

"ನಾನು ಹೋಗುವುದಿಲ್ಲ," ಅಂದ.

"ಮತ್ತೆಂತ ಮಾಡ್ತಿ ಇಲ್ಲಿ?"

"ಸೌದೆ ಹಾಕ್ತೇನೆ."

"ಬೋರ್ಡಿನಲ್ಲಿ ಹೆಸರಿದ್ದವ ಸೌದೆ ಹಾಕುವುದಾ? ಜನ ಎಲ್ಲಿಂದ ನಗ್ತಾರೆ ಗೊತ್ತುಂಟಾ?"

ಆಗ ಶುಕೂರ್ ಮರಿಗೆ ಬಿಟ್ಟು ಎದ್ದ. "ಶೀನಪ್ಪಣ್ಣ, ಒಂದು ಮಾತು. ಕಾವು ನೋಡ್ಲಿಕ್ಕೆ ನನಗೆ ಬರುವುದಿಲ್ಲ. ಇವರ ಕಣ್ಣು ಉಂಟಲ್ಲ, ಅದು ಬರೀ ಕಣ್ಣಲ್ಲ. ಗೋಡೆಯ ಬಣ್ಣ ನೋಡಿ ಕಾವು ಹೇಳ್ತಾರೆ. ಇವತ್ತು ಕೆಂಪಿಗೆ ಹೋಗಿ ಕರಕಲಾಯ್ತು, ನಾಳೆ ಬಿಳಿಯಲ್ಲೇ ನಿಲ್ಲಿಸಿದ್ರೆ ಆಯ್ತು. ಬೆಂದದ್ದು ಗೊತ್ತಾಗ್ಲಿಕ್ಕೆ ನನ್ನ ಮೂಗು ಉಂಟು. ಕಣ್ಣು ಇವರದ್ದು, ಮೂಗು ನನ್ನದು. ಇಬ್ಬರು ಸೇರಿ ಒಬ್ಬ ಕುಕ್ಕು ಆಗ್ತೇವೆ."

ಶೀನಪ್ಪ ತಲೆ ಎತ್ತಿ ಬೋರ್ಡಿನ ಬೆನ್ನನ್ನು ನೋಡಿದ. ಆಮೇಲೆ ಅಂದ: "ಸರಿ. ಇದ್ದುಕೋ. ಆದ್ರೆ ರುಕ್ಮಯ್ಯ ಹೋದ. ತಂತಿ ಬಂತು, ಹೋದ. ಇಲ್ಲಿ ಇರುವುದು ಸೌದೆ ಹಾಕುವ ಒಬ್ಬ ಆಳು. ನನ್ನನ್ನು ಮಾವ ಅಂತ ಕರೀಬಾರದು."

"ಆಯ್ತು," ಅಂದ ರುಕ್ಮಯ್ಯ. ಎಷ್ಟು ಬೇಗ ಅಂದನೆಂದರೆ ಶೀನಪ್ಪನಿಗೇ ಒಂದು ಕ್ಷಣ ಕಸಿವಿಸಿಯಾಯಿತು.

ಗುರುವಾರ ಬಿಳಿ ಗೋಡೆಯಲ್ಲಿ ಬೆಂಕಿ ನಿಲ್ಲಿಸಿದರು, ಶುಕೂರ್ ಬಾಗಿಲಿಗೆ ಮೂಗಿಟ್ಟು ಕೂತ, ನಲುವತ್ತು ನಿಮಿಷಕ್ಕೆ ರೊಟ್ಟಿ ಹೊರಗೆ ಬಂತು. ಹೊಂಬಣ್ಣ. ಮಧ್ಯಾಹ್ನದ ಒಳಗೆ ಮುಗಿಯಿತು. ಜನ ತಿಂದು, "ಕಾರ್ಖಾನೆಯ ಹದವೇ ಬೇರೆ" ಅಂದರು. ಬೋರ್ಡಿನಲ್ಲಿ 'ಉಸ್ತುವಾರಿಯಲ್ಲಿ' ಎಂಬುದನ್ನು ಹೊಡೆದು 'ಕ್ರಮದಲ್ಲಿ' ಎಂದು ಬರೆಸಿದ ಶೀನಪ್ಪ. ತಿದ್ದುವುದು ಅವನಿಗೆ ಹೊಸದಲ್ಲ.

ಏಪ್ರಿಲ್ ಹನ್ನೆರಡು ಬಂತು. ಆ ಬೆಳಿಗ್ಗೆ ರುಕ್ಮಯ್ಯ ಎರಡು ಹೊರೆ ಸೌದೆ ಸೀಳಿ, ಕೆಂಡ ಎಳೆದು, ನೆಲ ಒರೆಸಿದ. ಕಾರ್ಖಾನೆಯಲ್ಲಿ ಹೆಸರು ಕರೆದಿರಬಹುದು. ಉತ್ತರ ಬರದೆ ಗೀಟು ಎಳೆದಿರಬಹುದು. ಅವನು ಕಾಲಬುಡಕ್ಕೆ ಬಂದ ಒಂದು ಬೆಕ್ಕಿಗೆ ತುಂಡು ರೊಟ್ಟಿ ಹಾಕಿದ.

ಅದಾಗಿ ಎರಡು ವಾರಕ್ಕೆ ಪಟೇಲರು ಬಂದರು. ಒಳಗಿನ ಬೆಂಚಿನಲ್ಲಿ, ಭಟ್ಟಿ ಕಾಣುವಲ್ಲಿ, ಕೂತು ಬನ್ನು ತಿಂದರು. ಆರಂಭದ ದಿನ ಎರಡೂವರೆ ಗಂಟೆ ಅವರು ರುಕ್ಮಯ್ಯನನ್ನು ಎದುರಿನಿಂದಲೇ ನೋಡಿದ್ದರು. ಈಗ ಅವನಿಗೆ ಬಿಳಿ ಅಂಗಿ ಇರಲಿಲ್ಲ, ಗಡ್ಡ ಬಂದಿತ್ತು, ತಲೆಗೆ ಮುಂಡಾಸು, ಮೈಯೆಲ್ಲ ಮಸಿ. ಇಷ್ಟು ಸಾಕು. ಸೌದೆ ಹಾಕುವವನ ಮುಖವನ್ನು ಯಾರೂ ಕೊನೆಯವರೆಗೆ ನೋಡುವುದಿಲ್ಲ.

"ನಿಮ್ಮ ಅಳಿಯನ ಸುದ್ದಿ ಉಂಟಾ ಶೀನಪ್ಪ?"

"ಕಾರ್ಡು ಬಂದಿದೆ. ಈಗ ಅವನನ್ನು ಎಲ್ಲ ಕುಕ್ಕುಗಳ ಮೇಲೆ ಹಾಕಿದ್ದಾರಂತೆ."

"ಬರ್ಬೇಕು ಅಂಥವರು, ನಮ್ಮ ಕಡೆಯಿಂದ." ಪಟೇಲರು ಬನ್ನಿನ ಕೊನೆಯ ತುಂಡು ಬಾಯಿಗೆ ಹಾಕಿಕೊಂಡು ಭಟ್ಟಿಯ ಕಡೆ ತಿರುಗಿದರು. "ಇವ ಯಾರು? ಹೊಸಬನಾ? ಹೆಸರೆಂತ ನಿನ್ನದು?"

ರುಕ್ಮಯ್ಯ ಸೌದೆ ಹಿಡಿದು ನಿಂತ. ಹೆಸರಿನ ಏರ್ಪಾಡು ಯಾರೂ ಮಾಡಿರಲಿಲ್ಲ. ಶೀನಪ್ಪ ಬನ್ನಿನ ತಟ್ಟೆಯನ್ನು ಒರೆಸಿದ್ದನ್ನೇ ಪುನಃ ಒರೆಸುತ್ತಿದ್ದ.

"ಲೋಕಯ್ಯ," ಅಂದ ಶುಕೂರ್, ಹಿಟ್ಟಿನಿಂದ ಕೈ ತೆಗೆಯದೆ. "ಮಾತು ಕಮ್ಮಿ. ಕೆಲಸಕ್ಕೆ ಒಳ್ಳೆಯವ."

"ಲೋಕಯ್ಯ," ಅಂದರು ಪಟೇಲರು, "ಕೈ ತೊಳೀಲಿಕ್ಕೆ ಒಂದು ಚೆಂಬು ನೀರು ಕೊಡು ಮಾರಾಯ."

ಅವನು ಸೌದೆ ಕೆಳಗಿಟ್ಟು, ಹಂಡೆಯಿಂದ ನೀರು ಮೊಗೆದು ಕೊಟ್ಟ. ಪಟೇಲರು ಬೆರಳು ಅದ್ದಿ ಥಟ್ಟನೆ ಹಿಂದೆ ತೆಗೆದರು.

"ಇಷ್ಟು ಬಿಸಿ ಉಂಟಲ್ಲ, ನಿನಗೆ ಗೊತ್ತಾಗ್ಲಿಲ್ವಾ?"

"ಇಲ್ಲ," ಅಂದ ಲೋಕಯ್ಯ. ತಣ್ಣೀರು ಬೆರೆಸಿ ತರಲಿಕ್ಕೆ ಒಳಗೆ ಹೋದ.